ಸಾಲಿ ಗೋಡೆಗೆ ಏಳು ಹಾಳೆ: ಯಾರದ್ದು ಹಾಕಲಿ, ಕೆಳಗೆ ಏನು ಬರೆಯಲಿ?

ಸಾಲಿ ಅಕ್ಕೋರು (ಮುಧೋಳ ಕಡೆ)

ಎಲ್ಲರಿಗೂ ನಮಸ್ಕಾರ ರೀ. ಒಂದು ಸಣ್ಣ ಕೆಲಸಕ್ಕೆ ನಿಮ್ಮ ಸಲಹೆ ಬೇಕು.

ನಾನು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಒಂದು ಫ್ಲೆಕ್ಸ್ ಮಾಡಿಸಿದ್ದೆವು. ಮೇಲೆ ದಪ್ಪ ಅಕ್ಷರದಲ್ಲಿ ‘ಜಗತ್ತು ಗೌರವಿಸಿದ ಮಹಿಳೆಯರು’, ಕೆಳಗೆ ಇಪ್ಪತ್ತು ಫೋಟೊ. ಪ್ರತಿ ಫೋಟೊದ ಬುಡದಲ್ಲಿ ಹೆಸರು, ದೇಶ, ಬಹುಮಾನ, ವರ್ಷ. ಮುಗೀತು. ನೀರಿನ ಟಾಕಿ ಬಾಜೂಕ ಕಟ್ಟಿದೆವು. ದಿನಾ ಮಕ್ಕಳು ಅಲ್ಲೇ ಪಾಳಿ ಹಚ್ಚಿ ನಿಲ್ಲುತ್ತಾರೆ. ಒಬ್ಬರೂ ತಲೆ ಎತ್ತಿ ಓದಿದ್ದು ನಾನು ನೋಡಲಿಲ್ಲ.

ಓದಿದವಳು ಒಬ್ಬಳೇ, ಒಂಬತ್ತನೇ ಕ್ಲಾಸಿನ ಹುಡುಗಿ. ಬಂದು ಕೇಳಿದಳು: “ಅಕ್ಕೋರ, ಇವರಿಗೆಲ್ಲ ಏನು ಸಿಕ್ತು ಅಂತ ಬರದೀರಿ. ಇವರು ಏನು ಮಾಡಿದ್ರು ಅಂತ ಬರದೇ ಇಲ್ಲಲ್ರೀ?”

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟೇ ಅಲ್ಲ, ಆಮೇಲೆ ಸರಿಯಾಗಿ ನೋಡಿದರೆ ಮೇರಿ ಕ್ಯೂರಿ ಅಂತ ಹಾಕಿದ್ದು ಅವರ ಮಗಳು ಐರಿನ್ ಫೋಟೊ! ಅಂಗಡಿಯ ಹುಡುಗ ನೆಟ್‌ನಲ್ಲಿ ಸಿಕ್ಕಿದ್ದನ್ನು ಹಾಕಿದ್ದ, ನಾವು ನೋಡದೆ ದುಡ್ಡು ಕೊಟ್ಟು ಬಂದಿದ್ದೆವು. ತಪ್ಪು ಅವನದ್ದಕ್ಕಿಂತ ನಮ್ಮದೇ ಜಾಸ್ತಿ.

ಈ ಸಲ ಫ್ಲೆಕ್ಸ್ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ವರಾಂಡದ ಗೋಡೆಯಲ್ಲಿ ಏಳು ಡ್ರಾಯಿಂಗ್ ಶೀಟ್ ಹಿಡಿಯುತ್ತವೆ. ಮಕ್ಕಳೇ ಕೈಯಲ್ಲಿ ಬರೆಯುತ್ತಾರೆ. ದೊಡ್ಡ ಅಂತಾರಾಷ್ಟ್ರೀಯ ಬಹುಮಾನ ಪಡೆದ ಏಳು ಹೆಣ್ಣುಮಕ್ಕಳು. ಯಾರ್‍ಯಾರು? ಹೆಸರು ಒಂದೇ ಕೊಡಬೇಡಿ. ಅವರು ಕೂತು, ನಿಂತು ಮಾಡಿದ ಕೆಲಸ ಎಂಥದ್ದು ಅಂತ ಹೇಳಿ.

ಕುಂದಾ ಪ್ರಿಯ (ಬೆಳಗಾವಿ)

ಮೇರಿ ಕ್ಯೂರಿ, ಮದರ್ ತೆರೇಸಾ, ಮಲಾಲಾ. ಮೂರು ಆಯಿತು. ಉಳಿದ ನಾಲ್ಕು ಬೇರೆಯವರು ಹೇಳುತ್ತಾರೆ. ಊಟ ಮಾಡಿ ಬರುತ್ತೇನೆ.

ಸಾಲಿ ಅಕ್ಕೋರು

ಅಣ್ಣಾರ, ನೀವು ಹೇಳಿದ ಮೂರೂ ಹಳೇ ಫ್ಲೆಕ್ಸ್‌ನಲ್ಲಿ ಇದ್ದವು. ಕೇಳಿದ್ದು ಹೆಸರಲ್ಲ ರೀ.

ಗುಮ್ಮಟದ ಪ್ರತಿಧ್ವನಿ (ವಿಜಯಪುರ)

ಕ್ಯೂರಿಯನ್ನು ಬಿಡಲಾಗದು ಅಕ್ಕೋರೆ. ಎರಡು ಬೇರೆ ಬೇರೆ ವಿಜ್ಞಾನದಲ್ಲಿ ನೊಬೆಲ್ ಪಡೆದ ಹೆಂಗಸು ಇವತ್ತಿಗೂ ಅವರೊಬ್ಬರೇ. 1903ರಲ್ಲಿ ಭೌತಶಾಸ್ತ್ರ, 1911ರಲ್ಲಿ ರಸಾಯನಶಾಸ್ತ್ರ. ಆದರೆ ಆ ಎರಡು ಇಸವಿ ಬರೆದು ಕೈ ತೊಳೆದುಕೊಳ್ಳಬೇಡಿ. ಶೀಟಿನ ಮೇಲೆ ಒಂದು ಶೆಡ್ಡಿನ ಚಿತ್ರ ಬರೆಸಿ.

ಪ್ಯಾರಿಸಿನಲ್ಲಿ ಅವರಿಗೆ ಸಿಕ್ಕಿದ್ದು ಪ್ರಯೋಗಾಲಯ ಅಲ್ಲ, ಸೋರುವ ಗಾಜಿನ ಮಾಡಿನ ಒಂದು ಹಳೇ ಕೊಟ್ಟಿಗೆ. ಅದಿರಿನಿಂದ ಯುರೇನಿಯಂ ತೆಗೆದು ಬಿಸಾಕಿದ ಕಸವನ್ನು, ಅದರೊಳಗೆ ಅಡಗಿದ್ದ ರೇಡಿಯಂ ಅನ್ನುವ ಹೊಸ ಧಾತು ತೆಗೆಯಲು, ಟನ್ನುಗಟ್ಟಲೆ ತರಿಸಿಕೊಂಡರು. ಒಮ್ಮೆಗೆ ಇಪ್ಪತ್ತು ಕಿಲೋದಷ್ಟು ಹಾಕಿ ಕುದಿಸುವುದು, ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಇಡೀ ದಿನ ತಿರುವುವುದು. ನಿಮ್ಮ ಕಡೆ ಬೆಲ್ಲದ ಗಾಣ ಇವೆಯಲ್ಲ, ಕೊಪ್ಪರಿಗೆ ಮುಂದೆ ನಿಂತು ಕಬ್ಬಿನ ಹಾಲು ತಿರುವಿದವರಿಗೆ ಗೊತ್ತು ತೋಳು ಹೇಗೆ ಬೀಳುತ್ತವೆ ಅಂತ. ಇದು ವರ್ಷಗಟ್ಟಲೆ ನಡೆಯಿತು. 1902ರಲ್ಲಿ ಕೈಗೆ ಬಂದ ರೇಡಿಯಂ ಕ್ಲೋರೈಡ್ ಎಷ್ಟು? ಒಂದು ಗ್ರಾಮಿನ ಹತ್ತನೇ ಒಂದು ಪಾಲು.

ಇನ್ನೊಂದು ಮಾತು. 1903ರಲ್ಲಿ ಫ್ರಾನ್ಸಿನಿಂದ ಹೋದ ಶಿಫಾರಸಿನಲ್ಲಿ ಬೆಕೆರೆಲ್ ಅನ್ನುವ ವಿಜ್ಞಾನಿ ಮತ್ತು ಮೇರಿಯ ಗಂಡ ಪಿಯರ್ ಕ್ಯೂರಿ ಹೆಸರು ಮಾತ್ರ ಇದ್ದವು. ಸ್ವೀಡನ್ನಿನ ಮಿಟಾಗ್-ಲೆಫ್ಲರ್ ಅನ್ನುವ ಗಣಿತಜ್ಞ ಇದನ್ನು ಪಿಯರ್‌ಗೆ ತಿಳಿಸಿದರು. ಪಿಯರ್ ಪತ್ರ ಬರೆದು ಮೇರಿ ಹೆಸರೂ ಇರಬೇಕು ಅಂದರು. ಆಮೇಲೆ ಸೇರಿಸಿದರು. ಎಂಟು ವರ್ಷದ ನಂತರ ಎರಡನೇ ಬಹುಮಾನ ಬಂದಾಗ ಅವರ ಖಾಸಗಿ ಬದುಕಿನ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಗದ್ದಲ. ಸಮಿತಿಯ ಒಬ್ಬ ಸದಸ್ಯರೇ ‘ಈಗ ಬರದಿದ್ದರೆ ಒಳ್ಳೆಯದು’ ಅಂತ ಪತ್ರ ಹಾಕಿದರು. ನನ್ನ ಕೆಲಸಕ್ಕೂ ನನ್ನ ಮನೆಯ ವಿಷಯಕ್ಕೂ ಸಂಬಂಧ ಇಲ್ಲ ಅಂತ ಉತ್ತರ ಕೊಟ್ಟು, ಸ್ಟಾಕ್‌ಹೋಮ್‌ಗೆ ಹೋಗಿ ಬಹುಮಾನ ತೆಗೆದುಕೊಂಡು ಬಂದರು.

ಕುಂದಾ ಪ್ರಿಯ

ಊಟ ಆಯಿತು. ಕುಂದಾ ಮಾಡುವಾಗಲೂ ಹಾಲು ಹೀಗೇ ತಿರುವುತ್ತಾ ನಿಲ್ಲಬೇಕು ರೀ. ನಮಗೆ ನೊಬೆಲ್ ಯಾಕಿಲ್ಲ?

ಸುಮ್ನೆ ಓದುವವ

ತಮಾಷೆ ಇರಲಿ. ನನ್ನದೊಂದು ತಕರಾರು ಇದೆ. ಯಾರೋ ಸ್ವೀಡನ್ನಿನಲ್ಲಿ, ಲಂಡನ್ನಿನಲ್ಲಿ ಕೂತು ಪದಕ ಕೊಟ್ಟರೆ ಮಾತ್ರ ದೊಡ್ಡವರಾ? ಅವರ ಲೆಕ್ಕ ಎಷ್ಟು ಸಲ ತಪ್ಪಿದೆ ನೋಡಿ. ಪರಮಾಣು ಒಡೆಯುವುದನ್ನು ವಿವರಿಸಿದ್ದು ಲೀಸ್ ಮೈಟ್ನರ್, 1944ರ ನೊಬೆಲ್ ಹೋಗಿದ್ದು ಜೊತೆಗೆ ಕೆಲಸ ಮಾಡಿದ ಓಟೊ ಹಾನ್ ಒಬ್ಬರಿಗೇ. ಆಕೆಯ ಹೆಸರು ನಲವತ್ತಕ್ಕೂ ಹೆಚ್ಚು ಸಲ ಸೂಚನೆಯಾಗಿತ್ತು. ನಲವತ್ತಕ್ಕೂ ಹೆಚ್ಚು! ಎಡಭಾಗ, ಬಲಭಾಗ ತಿರುಗಿ ಬೀಳುತ್ತವೆ ಅಂತ ಚೀನಾ ಮೂಲದ ಇಬ್ಬರು ಹೇಳಿದ್ದನ್ನು ಪ್ರಯೋಗ ಮಾಡಿ ತೋರಿಸಿದ್ದು ಚಿಯೆನ್-ಶುಂಗ್ ವು. 1957ರ ನೊಬೆಲ್ ಆ ಇಬ್ಬರಿಗೆ, ಆಕೆಗೆ ಇಲ್ಲ. ಡಿಎನ್‌ಎಯ ಎಕ್ಸ್‌ರೇ ಚಿತ್ರ ತೆಗೆಸಿದ ರೋಸಲಿಂಡ್ ಫ್ರಾಂಕ್ಲಿನ್ 37ನೇ ವಯಸ್ಸಿಗೆ 1958ರಲ್ಲಿ ತೀರಿಕೊಂಡರು. 1962ರಲ್ಲಿ ಬಹುಮಾನ ಮೂವರು ಗಂಡಸರಿಗೆ.

ಹೀಗಿರುವಾಗ ಮಕ್ಕಳಿಗೆ ಬಹುಮಾನದ ಗೋಡೆ ತೋರಿಸುವುದೇ ತಪ್ಪಲ್ವಾ? ಬಹುಮಾನ ತಪ್ಪಿದವರ ಗೋಡೆ ಮಾಡಿ.

ಗುಮ್ಮಟದ ಪ್ರತಿಧ್ವನಿ

ವು ಅವರದ್ದು ಎಡ-ಬಲದ ಸಮತೆಯ ಪ್ರಯೋಗ, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ-ಬಲ ಅದಲುಬದಲಾದರೂ ಪ್ರಕೃತಿ ಒಂದೇ ಥರ ನಡೆಯುತ್ತದೆ ಅನ್ನುವುದು ಯಾವಾಗಲೂ ನಿಜವಲ್ಲ ಅಂತ ತೋರಿಸಿದ್ದು. ‘ತಿರುಗಿ ಬೀಳುತ್ತವೆ’ ಅಂದರೆ ಮಕ್ಕಳು ಬುಗುರಿ ಅಂದುಕೊಂಡಾರು. ಇರಲಿ. ಅವರಿಗೆ 1978ರಲ್ಲಿ ವುಲ್ಫ್ ಬಹುಮಾನ ಬಂತು, ಆ ಬಹುಮಾನ ಶುರುವಾದ ವರ್ಷವೇ. ಮೈಟ್ನರ್ ಹೆಸರಿನಲ್ಲಿ 109ನೇ ಧಾತು ಇದೆ. ಆವರ್ತ ಕೋಷ್ಟಕ ನಿಮ್ಮ ಸಾಲಿ ಗೋಡೆಯ ಮೇಲೆ ಈಗಾಗಲೇ ತೂಗುತ್ತಿದೆ, ಅಲ್ಲಿ ಅವರು ಇದ್ದಾರೆ.

ನಿಮ್ಮ ತಕರಾರಿನಲ್ಲಿ ಹುರುಳಿದೆ. ಆದರೆ ಬಹುಮಾನ ತಪ್ಪಿಯೂ ಸಿಕ್ಕಿಯೂ ಇರುವ ಒಬ್ಬರನ್ನು ಹಾಕಬಹುದು. ಜೊಸೆಲಿನ್ ಬೆಲ್ ಬರ್ನೆಲ್. 1943ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದವರು. ಹನ್ನೊಂದನೇ ವಯಸ್ಸಿನಲ್ಲಿ ಬರೆಯಬೇಕಿದ್ದ ದೊಡ್ಡ ಪರೀಕ್ಷೆಯಲ್ಲಿ ಫೇಲು. ಆಮೇಲೆ ಶಾಲೆಯಲ್ಲಿ ಗಂಡುಮಕ್ಕಳನ್ನು ವಿಜ್ಞಾನದ ಕೋಣೆಗೆ, ಹೆಣ್ಣುಮಕ್ಕಳನ್ನು ಅಡುಗೆ ಕಲಿಸುವ ಕೋಣೆಗೆ ಕಳಿಸಿದರು. ತಂದೆ ತಾಯಿ ಹೋಗಿ ಜಗಳ ಮಾಡಿದ ಮೇಲೆ ವಿಜ್ಞಾನದ ಕ್ಲಾಸಿಗೆ ಬಿಟ್ಟರು.

ಕೇಂಬ್ರಿಜಿನಲ್ಲಿ ಪಿಎಚ್.ಡಿ. ಮಾಡುವಾಗ ಆಕಾಶದಿಂದ ಬರುವ ರೇಡಿಯೊ ಅಲೆ ಹಿಡಿಯುವ ದೂರದರ್ಶಕವನ್ನೇ ಕಟ್ಟಬೇಕಾಯಿತು. ಅದು ನೋಡಲು ದ್ರಾಕ್ಷಿ ತೋಟದ ಹಾಗೆ: ನಾಲ್ಕೂವರೆ ಎಕರೆಯಲ್ಲಿ ಸಾವಿರಕ್ಕೂ ಹೆಚ್ಚು ಕಂಬ, ಮೇಲೆ ತಂತಿ. ನಮ್ಮ ತಿಕೋಟಾ ಕಡೆ ಬಂದು ನೋಡಿದರೆ ಮಕ್ಕಳಿಗೆ ಹೋಲಿಕೆ ಸಿಗುತ್ತದೆ. ಕಂಬಕ್ಕೆ ಸುತ್ತಿಗೆ ಹೊಡೆದವರಲ್ಲಿ ಆಕೆಯೂ ಒಬ್ಬರು. ಯಂತ್ರ ದಿನಕ್ಕೆ ಸುಮಾರು ಮೂವತ್ತು ಮೀಟರ್ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅಷ್ಟನ್ನೂ ಕಣ್ಣಿಟ್ಟು ನೋಡಬೇಕು. 1967ರಲ್ಲಿ ಆ ಕಾಗದದಲ್ಲಿ ಬೆರಳಗಲ ಕೂಡ ಇಲ್ಲದ ಒಂದು ಗೀಚು ಕಂಡಿತು. ಬೇರೆಯವರಾಗಿದ್ದರೆ ಕಸ ಅಂತ ಬಿಡುತ್ತಿದ್ದರು. ಇವರು ಬಿಡಲಿಲ್ಲ. ಬೇಗ ಓಡುವ ಕಾಗದದಲ್ಲಿ ಮತ್ತೆ ಹಿಡಿದು ನೋಡಿದರೆ ಸುಮಾರು 1.3 ಸೆಕೆಂಡಿಗೆ ಒಂದು ಬಡಿತ, ಗಡಿಯಾರದ ಹಾಗೆ. ಅದೇ ಮೊದಲ ಪಲ್ಸಾರ್, ಅಂದರೆ ಗರಗರ ತಿರುಗುತ್ತಾ ರೇಡಿಯೊ ಅಲೆ ಬೀಸುವ ನಕ್ಷತ್ರ.

1974ರ ನೊಬೆಲ್ ಮಾರ್ಗದರ್ಶಕರಿಗೆ ಹೋಯಿತು. 2018ರಲ್ಲಿ ಬ್ರೇಕ್‌ಥ್ರೂ ವಿಶೇಷ ಬಹುಮಾನ ಇವರಿಗೆ ಬಂತು, 30 ಲಕ್ಷ ಡಾಲರ್. ಅಷ್ಟೂ ದುಡ್ಡನ್ನು ಭೌತಶಾಸ್ತ್ರ ಓದಲು ಅವಕಾಶ ಸಿಗದ ಮಕ್ಕಳ ಪಿಎಚ್.ಡಿ. ವೆಚ್ಚಕ್ಕೆ ಕೊಟ್ಟುಬಿಟ್ಟರು.

ಸುಮ್ನೆ ಓದುವವ

ಒಪ್ಪಿದೆ. ಇವರನ್ನು ಹಾಕಿ. ಫೇಲಾಗಿದ್ದನ್ನು ಮರೆಯದೆ ಬರೆಸಿ.

ಟೇಲ್ ಎಂಡ್ ರೈತ

ನಾನು ಇಲ್ಲಿ ಬರೆಯುವವನಲ್ಲ, ಬರೀ ಓದುತ್ತೇನೆ. ಆದರೆ ಈ ಹೆಸರು ಯಾರೂ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ.

ಎಲಿನಾರ್ ಆಸ್ಟ್ರಂ. ಅಮೆರಿಕದವರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಆ ವಿಷಯದಲ್ಲಿ ಮೊದಲ ಹೆಂಗಸು. ನನ್ನ ಮಗಳು ಧಾರವಾಡದಲ್ಲಿ ಎಂ.ಎ. ಓದುವಾಗ ಇವರ ಬಗ್ಗೆ ಹೇಳಿದಳು. “ಅಪ್ಪಾ, ನಿನ್ನ ಕೆನಾಲಿನ ಜಗಳಕ್ಕೆ ನೊಬೆಲ್ ಸಿಕ್ಕೈತಿ” ಅಂದಳು. ನಾನು ಚೇಷ್ಟೆ ಅಂದುಕೊಂಡೆ.

ನಮ್ಮ ಹೊಲ ಘಟಪ್ರಭಾ ಕೆನಾಲಿನ ತುದಿಗೆ ಇದೆ. ಮೇಲಿನವರು ಕಬ್ಬಿಗೆ ಬಿಟ್ಟುಕೊಂಡು ಉಳಿದದ್ದು ನಮಗೆ. ಮೊದಲು ಹೊಲಗಾಲುವೆ ಮಣ್ಣಿನದ್ದಿತ್ತು. ವರ್ಷಕ್ಕೊಮ್ಮೆ ಹೂಳು ತೆಗೆಯಬೇಕು, ಮುಳ್ಳುಕಂಟಿ ಕಡಿಯಬೇಕು. ಮೇಲಿನವರಷ್ಟೇ ಮಾಡಿದರೆ ಮುಗಿಯದ ಕೆಲಸ ಅದು. ಹಾಗಾಗಿ ನಮ್ಮನ್ನು ಕರೆಯುತ್ತಿದ್ದರು. ಕರೆದ ಮೇಲೆ ನೀರಿನ ಪಾಳಿ ಕೊಡದೆ ಇರಲು ಆಗುತ್ತಿರಲಿಲ್ಲ. ಆಮೇಲೆ ಸಿಮೆಂಟ್ ಹಾಕಿದರು. ಎಲ್ಲರಿಗೂ ಖುಷಿ. ಎರಡು ಮೂರು ವರ್ಷದಲ್ಲಿ ನಮ್ಮನ್ನು ಕರೆಯುವುದು ನಿಂತಿತು, ಪಾಳಿಯೂ ನಿಂತಿತು.

ಇದನ್ನೇ ಆ ತಾಯಿ ನೇಪಾಳದಲ್ಲಿ ಕಂಡಿದ್ದಾರೆ! ಅಲ್ಲಿ ರೈತರೇ ಕಟ್ಟಿಕೊಂಡ ಕಚ್ಚಾ ಕಾಲುವೆಗಳನ್ನೂ ಸರಕಾರ ಕಟ್ಟಿದ ಪಕ್ಕಾ ಕಾಲುವೆಗಳನ್ನೂ ಹೋಲಿಸಿದರು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ತುದಿಯ ರೈತನಿಗೆ ನೀರು ಚೆನ್ನಾಗಿ ಮುಟ್ಟುತ್ತಿದ್ದದ್ದು ಹೆಚ್ಚಾಗಿ ಕಚ್ಚಾ ಕಾಲುವೆಯಲ್ಲಿ. ಯಾಕೆಂದರೆ ಅಲ್ಲಿ ಮೇಲಿನವನಿಗೆ ಕೆಳಗಿನವನ ಕೈ ಬೇಕು. ಸಿಮೆಂಟ್ ಬಂದರೆ ಆ ಕೈ ಬೇಡ. ಸಿಮೆಂಟ್ ಕೆಟ್ಟದ್ದು ಅಂತ ಅವರು ಹೇಳಿಲ್ಲ. ಕಾಲುವೆ ಕಟ್ಟುವ ಎಂಜಿನಿಯರು ಬರೀ ಕಾಲುವೆ ನೋಡಿದರೆ ಸಾಲದು, ಅದನ್ನು ನಂಬಿದ ರೈತರ ನಡುವಿನ ಕೊಡು-ತಗೊ ಕೂಡ ನೋಡಬೇಕು ಅಂತ.

ಅದಕ್ಕೂ ಮೊದಲು ದೊಡ್ಡ ದೊಡ್ಡವರು ಏನು ಹೇಳುತ್ತಿದ್ದರು? ಊರಿನ ಸಾಮಾನ್ಯ ಆಸ್ತಿ, ಅಂದರೆ ನಮ್ಮ ಗಾಯರಾಣ, ಕೆರೆ, ಕಾಡು, ಇವು ಎಲ್ಲರದ್ದಾದರೆ ಹಾಳಾಗುವುದು ಖಂಡಿತ, ಒಂದೋ ಸರಕಾರ ಹಿಡಿಯಬೇಕು ಇಲ್ಲ ಒಬ್ಬೊಬ್ಬರಿಗೆ ಹಂಚಬೇಕು ಅಂತ. ಆಸ್ಟ್ರಂ ಕುರ್ಚಿಯಲ್ಲಿ ಕೂತು ವಾದ ಮಾಡಲಿಲ್ಲ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಜಪಾನಿನ ಹಳ್ಳಿ ಕಾಡು, ಫಿಲಿಪೀನ್ಸಿನ ಕಾಲುವೆ, ಎಲ್ಲ ಕಡೆಯ ದಾಖಲೆ ಗುಡ್ಡೆ ಹಾಕಿ ನೋಡಿದರು. ನೂರಾರು ವರ್ಷ ಹಾಳಾಗದೆ ನಡೆದ ಕಡೆಗಳಲ್ಲಿ ಏನಿತ್ತು? ಬಳಸುವವರೇ ಕಟ್ಟಳೆ ಮಾಡಿದ್ದರು. ಕಾವಲಿಗೆ ತಮ್ಮವರನ್ನೇ ಇಟ್ಟಿದ್ದರು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮತ್ತೆ ಮಾಡಿದರೆ ದೊಡ್ಡದು. ಜಗಳ ಆದರೆ ಹತ್ತಿರದಲ್ಲೇ, ಖರ್ಚಿಲ್ಲದೆ ಬಗೆಹರಿಸುವ ಕಟ್ಟೆ. ಸ್ಪೇನಿನ ವೆಲೆನ್ಸಿಯಾದಲ್ಲಿ ಇವತ್ತಿಗೂ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲ ಮುಂದೆ ರೈತರ ನೀರಿನ ಪಂಚಾಯ್ತಿ ಕೂಡುತ್ತದಂತೆ. ವಕೀಲರಿಲ್ಲ, ಕಾಗದ ಇಲ್ಲ, ಬಾಯಿಮಾತಿನ ನ್ಯಾಯ.

ಇನ್ನೊಂದು, ಅಕ್ಕೋರೆ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಯಾಕೆ ಅಂತ ಇವರಿಗೆ ತ್ರಿಕೋನಮಿತಿ ಕಲಿಯಲು ಬಿಟ್ಟಿರಲಿಲ್ಲ. ಅದೇ ಗಣಿತ ಇಲ್ಲ ಅಂತ ಮುಂದೆ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಸೀಟು ಸಿಗಲಿಲ್ಲ. ರಾಜ್ಯಶಾಸ್ತ್ರದಲ್ಲಿ ಮಾಡಿದರು. ಕೊನೆಗೆ ಬಹುಮಾನ ಬಂದಿದ್ದು ಯಾವುದರಲ್ಲಿ ನೋಡಿ.

ತಪ್ಪಿದ್ದರೆ ತಿದ್ದಿ. ಕರೆಂಟ್ ಬಂತು, ಮೋಟರ್ ಹಚ್ಚಲು ಹೋಗುತ್ತೇನೆ.

ಸಾಲಿ ಅಕ್ಕೋರು

ಅಣ್ಣಾರ, ಇದನ್ನು ಓದಿ ಮನೆಯವರಿಗೂ ಓದಿ ಹೇಳಿದೆ. ನನ್ನ ಕ್ಲಾಸಿನ ಅರ್ಧ ಮಕ್ಕಳ ಮನೆಯಲ್ಲಿ ನೀರಿನ ಪಾಳಿಯ ಜಗಳ ದಿನದ ಮಾತು. ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಪಾಠವೂ ಇದೆ. ‘ಇದು ನಮಗ್ಯಾಕ’ ಅನ್ನುವವರಿಗೆ ಈ ಶೀಟ್ ತೋರಿಸುತ್ತೇನೆ.

ಕಂಪೌಂಡರ್ ಕಾಕಾ

ನಾನು ಚಳಿಜ್ವರದವರಿಗೆ ಕ್ಲೋರೋಕ್ವಿನ್ ಗುಳಿಗೆ ಎಣಿಸಿ ಕೊಟ್ಟು ನಿವೃತ್ತನಾದವನು. ಬರಬರುತ್ತಾ ಆ ಗುಳಿಗೆಗೆ ಮಲೇರಿಯಾ ಬಗ್ಗದಂತಾಯಿತು. ಆಗ ಬಂದ ಹೊಸ ಔಷಧಿಯ ಹಿಂದೆ ಇದ್ದವರು ಚೀನಾದ ತು ಯೂಯೂ. ವೈದ್ಯಕೀಯ ಪದವಿ ಇಲ್ಲ, ಪಿಎಚ್.ಡಿ. ಇಲ್ಲ, ವಿದೇಶದಲ್ಲಿ ಓದಿಲ್ಲ. 2015ರಲ್ಲಿ ವೈದ್ಯಕೀಯ ನೊಬೆಲ್.

1967ರಲ್ಲಿ ಮಲೇರಿಯಾ ಔಷಧಿ ಹುಡುಕಲು ಅಲ್ಲಿನ ಸರಕಾರ ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತು. ಮೇ 23ಕ್ಕೆ ಶುರುವಾಗಿದ್ದಕ್ಕೆ ಅದರ ಹೆಸರೇ 523. ಇವರು ಹಳೇ ವೈದ್ಯರ ಪುಸ್ತಕಗಳಿಂದ ಎರಡು ಸಾವಿರದಷ್ಟು ಮದ್ದಿನ ವಿಧಾನ ಬರೆದುಕೊಂಡರು. ಒಂದು ಗಿಡ ಒಮ್ಮೆ ಫಲ ಕೊಡುತ್ತಿತ್ತು, ಮತ್ತೊಮ್ಮೆ ಇಲ್ಲ. ಯಾಕೆ? ಹೆಚ್ಚುಕಡಿಮೆ 1,600 ವರ್ಷ ಹಳೆಯ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ಕುದಿಸು ಅಂತ ಇಲ್ಲ!

ನಮ್ಮ ಅವ್ವ ಎಲೆ ಹಿಂಡುವಾಗ ಹಸಿ ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ತಿರುಚುತ್ತಿದ್ದಳು. ಒಲೆ ಮೇಲೆ ಇಡಲು ಹೋದರೆ ‘ಸತ್ವ ಹೋಗ್ತೈತಿ’ ಅಂತ ಬೈಯುತ್ತಿದ್ದಳು. ತು ಅವರಿಗೂ ಅದೇ ಹೊಳೆಯಿತು, ಬಿಸಿಯಿಂದ ಮದ್ದು ಕೆಡುತ್ತಿದೆ ಅಂತ. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸತ್ವ ತೆಗೆದರು. 1971ರಲ್ಲಿ 191ನೇ ಮಾದರಿ ಇಲಿ, ಮಂಗಗಳ ಮೇಲೆ ಪೂರ್ತಿ ಕೆಲಸ ಮಾಡಿತು. ಮುಂದಿನ ವರ್ಷ ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು, ಜೊತೆಗಿದ್ದ ಇಬ್ಬರೂ ಕುಡಿದರು.

ಆದರೆ ಅಕ್ಕೋರೆ, ಒಂದು ಎಚ್ಚರ. ‘ಸೊಪ್ಪಿನ ಕಷಾಯದಿಂದ ಮಲೇರಿಯಾ ಹೋಗುತ್ತದೆ’ ಅಂತ ಮಕ್ಕಳು ಬರೆಯದ ಹಾಗೆ ನೋಡಿಕೊಳ್ಳಿ. ಗಿಡದಿಂದ ತೆಗೆದು, ಶುದ್ಧ ಮಾಡಿ, ಅಳತೆ ಗೊತ್ತು ಮಾಡಿದ್ದು ಔಷಧಿ. ಈಗಲೂ ಅದನ್ನು ಇನ್ನೊಂದು ಔಷಧಿ ಜೊತೆ ಸೇರಿಸಿಯೇ ಕೊಡುತ್ತಾರೆ. ಜ್ವರ ಬಂದರೆ ರಕ್ತ ಪರೀಕ್ಷೆ, ಆಮೇಲೆ ಉಳಿದಿದ್ದು.

ಮಲಪ್ರಭಾ ದಂಡೆ (ಬಾದಾಮಿ, ಈಗ ವಿಜಯಪುರ)

ಎಲ್ಲರೂ ವಿಜ್ಞಾನದಲ್ಲೇ ಮುಳುಗಿದ್ದೀರಿ. ಕನ್ನಡದ ಬಹುಮಾನ ಮರೆತೇಬಿಟ್ಟಿರಾ? ಬಾನು ಮುಷ್ತಾಕ್!

ನಾನು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. 2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ಘೋಷಣೆ ಆಯಿತು, ನಮಗೆ ಆಗಲೇ 21. ಬೆಳಿಗ್ಗೆ ಎದ್ದರೆ ವಾಟ್ಸಾಪ್ ತುಂಬಾ ಅದೇ. ಇಂಗ್ಲಿಷಿಗೆ ಅನುವಾದವಾದ ಪುಸ್ತಕಕ್ಕೆ ಕೊಡುವ ಅಂತಾರಾಷ್ಟ್ರೀಯ ಬೂಕರ್ ಕನ್ನಡಕ್ಕೆ ಬಂದಿದ್ದು ಅದೇ ಮೊದಲು. ಸಣ್ಣ ಕಥೆಗಳ ಸಂಕಲನಕ್ಕೆ ಬಂದಿದ್ದೂ ಮೊದಲು. ಬಹುಮಾನ ಬಂದ ‘ಹಾರ್ಟ್ ಲ್ಯಾಂಪ್’ನಲ್ಲಿ ಇರುವುದು 12 ಕಥೆ, ಮೂವತ್ತು ವರ್ಷಕ್ಕೂ ಜಾಸ್ತಿ ಅವಧಿಯಲ್ಲಿ ಬರೆದವು.

ನನ್ನ ರೂಮ್‌ಮೇಟ್ ಮನೆಯಲ್ಲಿ ಉರ್ದು ಮಾತು, ಓದಿದ್ದೆಲ್ಲ ಕನ್ನಡ ಸಾಲಿ. ಬಾನು ಅವರದ್ದೂ ಹಾಗೇ. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು-ಬರಹ ಬರಬೇಕು ಅಂತ ಷರತ್ತು ಹಾಕಿದ್ದರಂತೆ. ಕೆಲವೇ ದಿನದಲ್ಲಿ ಕಲಿತರು. ಆಮೇಲೆ ವರದಿಗಾರ್ತಿ, ವಕೀಲೆ, ಬಂಡಾಯದ ಕಥೆಗಾರ್ತಿ. ‘ಎದೆಯ ಹಣತೆ’ ಕಥೆಯನ್ನು ನನ್ನ ಗೆಳತಿ ಒಂದು ರಾತ್ರಿ ಜೋರಾಗಿ ಓದಿದಳು. ಗಂಡನ ಮನೆ ಬಿಟ್ಟು ತವರಿಗೆ ಬಂದ ಹೆಂಗಸನ್ನು ಅವಳ ಅಣ್ಣತಮ್ಮಂದಿರೇ ವಾಪಸ್ ಬಿಟ್ಟುಬರುವ ಜಾಗ ಬಂದಾಗ ಓದುವುದು ನಿಲ್ಲಿಸಿದಳು. ‘ಇದು ನಮ್ಮ ಫೂಫೀ ಕಥಿ’ ಅಂದಳು. ಅತ್ತೆ, ಅಂದರೆ ಅಪ್ಪನ ತಂಗಿ. ನಾನು ನಮ್ಮ ಓಣಿಯಲ್ಲಿ ಅಂಥವರನ್ನು ಎಣಿಸಲು ಶುರು ಮಾಡಿದೆ. ಹೆಸರು, ಜಾತಿ, ಧರ್ಮ ಬೇರೆ. ತವರಿನ ಬಾಗಿಲು ಒಂದೇ.

ಶೀಟ್‌ನಲ್ಲಿ ದೀಪಾ ಭಾಸ್ತಿ ಫೋಟೊನೂ ಅಷ್ಟೇ ದೊಡ್ಡದಿರಬೇಕು, ಕೇಳಿಸಿಕೊಳ್ಳಿ. ಮಡಿಕೇರಿಯವರು, ಅನುವಾದ ಮಾಡಿದವರು. ಆ ಬಹುಮಾನದ 50,000 ಪೌಂಡ್ ಬರೆದವರಿಗೂ ಅನುವಾದ ಮಾಡಿದವರಿಗೂ ಸಮ ಪಾಲು. ಕನ್ನಡ, ಉರ್ದು, ಅರಬ್ಬೀ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. ನಾವು ಇಂಗ್ಲಿಷ್ ಓದುವಾಗ ಎಷ್ಟೋ ಪದ ಗೊತ್ತಿಲ್ಲದೆ ಮುಂದೆ ಹೋಗುತ್ತೇವಲ್ಲ, ಅವರೂ ಹೋಗಲಿ!

ಕುಂದಾ ಪ್ರಿಯ

ಏಳು ಶೀಟ್, ಎಂಟು ಮುಖ. ಅಕ್ಕೋರ ಲೆಕ್ಕ ತಪ್ಪಿತು.

ಇಳಕಲ್ ಸೆರಗು

ನಮ್ಮದು ನೇಕಾರರ ಮನೆ. ನನ್ನ ಮತ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ. ಮಂಗಳೂರಿನಲ್ಲಿ ಹುಟ್ಟಿದವರು, 1903. 1966ರಲ್ಲಿ ಫಿಲಿಪೀನ್ಸಿನ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸ್ವಾತಂತ್ರ್ಯ ಬಂದ ಮೇಲೆ ಮಿಲ್ ಬಟ್ಟೆ ಮುಂದೆ ಕೈಮಗ್ಗ ಎಲ್ಲಿ ನಿಲ್ಲುತ್ತದೆ ಅಂತ ಎಲ್ಲರೂ ಕೈ ಬಿಟ್ಟಾಗ, ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ಸುತ್ತಿ ಕಸುಬುದಾರರನ್ನು ಹುಡುಕಿದರು. ನಮ್ಮ ಸೀರೆಯಲ್ಲಿ ಮೈಯ ಎಳೆಗೆ ಸೆರಗಿನ ಎಳೆ ಒಂದೊಂದಾಗಿ ಕೂಡಿಸಬೇಕು. ಕಂಡಿಕೆ ಸುತ್ತುವುದು, ಎಳೆ ಕೂಡಿಸುವುದು ಮನೆಯ ಹೆಂಗಸರ ಕೆಲಸ. ಆದರೆ ‘ನೇಕಾರ’ ಅಂತ ಕಾರ್ಡಿನ ಮೇಲೆ ಹೆಸರು ಬರುವುದು ಮಗ್ಗದಲ್ಲಿ ಕೂತ ಗಂಡಸಿನದ್ದು. ಅದನ್ನೂ ಒಂದು ಸಾಲು ಬರೆಸಿ, ಚಿಂತೆ ಇಲ್ಲ.

ಕುಂದಾ ಪ್ರಿಯ

ಈಗ ಸೀರಿಯಸ್ ಆಗಿ ಕೇಳುತ್ತೇನೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರು ಜಿಲ್ಲೆಯವರು ಎಲ್ಲಿ? ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ನಿಗೆ 5 ವಿಕೆಟ್ ತೆಗೆದರು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ, ಚಿಕ್ಕ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವರು, ಮುಂದೆ ಅದೇ ಪದ್ಧತಿ ವಿರುದ್ಧ ನಿಂತು ಸಾವಿರಾರು ಹೆಂಗಸರನ್ನು ಹೊರಗೆ ತಂದರು. 2018ರಲ್ಲಿ ಪದ್ಮಶ್ರೀ. ಇವರು ಗೋಡೆಗೆ ಬೇಡವಾ?

ಸಾಲಿ ಅಕ್ಕೋರು

ಬೇಡ ಅಂದಿಲ್ಲ ಅಣ್ಣಾರ. ಈ ಗೋಡೆಗೆ ಅಂತಾರಾಷ್ಟ್ರೀಯ ಅಂತ ಗೆರೆ ಹಾಕಿಕೊಂಡಿದ್ದೇನೆ. ಪದ್ಮಶ್ರೀ ನಮ್ಮ ದೇಶದ್ದು.

ಕುಂದಾ ಪ್ರಿಯ

ಅಂದರೆ ಸೀತವ್ವ ಮಾಡಿದ್ದು ಚಿಕ್ಕೋಡಿ, ಗೋಕಾಕದೊಳಗೆ, ಅದಕ್ಕೇ ಗೋಡೆಯೊಳಗೆ ಇಲ್ಲ. ಸರಿ ಬಿಡಿ.

ಗುಮ್ಮಟದ ಪ್ರತಿಧ್ವನಿ

ಸಿಟ್ಟಾಗಬೇಡಿ. ಇಲ್ಲಿ ಒಂದು ವಿಷಯ ಇದೆ. ನೊಬೆಲ್‌ಗೆ ಯಾರೂ ತಮ್ಮ ಹೆಸರು ತಾವೇ ಕಳಿಸುವಂತಿಲ್ಲ. ಸಮಿತಿ ಕೇಳಿದವರು, ಅರ್ಹ ಅಂತ ಪಟ್ಟಿಯಲ್ಲಿ ಇರುವವರು ಸೂಚಿಸಬೇಕು. ಯಾರು ಯಾರನ್ನು ಸೂಚಿಸಿದರು ಅನ್ನುವುದು 50 ವರ್ಷ ಗುಟ್ಟು. ಅಂದರೆ ದೊಡ್ಡ ಕಡೆ ಕೂತ ಒಬ್ಬರಿಗೆ ನೀವು ಗೊತ್ತಿರಬೇಕು. ಮೇರಿ ಕ್ಯೂರಿಗೇ ಒಂದು ಪತ್ರ ಬೇಕಾಯಿತು. ಆದರೆ ಎಲ್ಲ ಬಹುಮಾನ ಹಾಗಿಲ್ಲ. ಸ್ವೀಡನ್ನಿನದ್ದೇ ರೈಟ್ ಲೈವ್ಲಿಹುಡ್ ಪ್ರಶಸ್ತಿಗೆ ಯಾರು ಬೇಕಾದರೂ ಇನ್ನೊಬ್ಬರ ಹೆಸರು ಸೂಚಿಸಬಹುದು. ದಲಿತ ಹೆಂಗಸರಿಗಾಗಿ ದುಡಿದ ಬೆಂಗಳೂರಿನ ರೂತ್ ಮನೋರಮಾ ಅವರಿಗೆ 2006ರಲ್ಲಿ ಅದು ಬಂತು.

ಮಲಪ್ರಭಾ ದಂಡೆ

ಹಾಗಾದರೆ ಕೊರತೆ ಇರುವುದು ಕೆಲಸಕ್ಕಲ್ಲ, ಆ ಪತ್ರ ಬರೆಯುವವರಿಗೆ. ಇಲ್ಲೂ ಬೇಕಾಗಿರುವುದು ಒಬ್ಬ ದೀಪಾ ಭಾಸ್ತಿ! ನಮ್ಮ ವಿಭಾಗದಲ್ಲಿ ಮಾತಾಡಿ ನೋಡುತ್ತೇನೆ. ಮೊದಲು ಕನ್ನಡದಲ್ಲಿ ಸೀತವ್ವ ಅವರ ಕೆಲಸವನ್ನು ನೆಟ್ಟಗೆ ದಾಖಲಿಸಬೇಕು, ಇಂಗ್ಲಿಷ್ ಆಮೇಲೆ.

ಕುಂದಾ ಪ್ರಿಯ

ಇದು ಮಾತು. ಟೈಪಿಂಗ್ ನಾನು ಮಾಡಿಕೊಡುತ್ತೇನೆ. ನಿಜವಾಗಲೂ.

ಸುಮ್ನೆ ಓದುವವ

ಕಟಾಲಿನ್ ಕಾರಿಕೊ ಯಾರೂ ಹೇಳಲಿಲ್ಲ. ಹಂಗೇರಿಯ ಕಟುಕನ ಮಗಳು, ಮನೆಯಲ್ಲಿ ನಲ್ಲಿ ಇರಲಿಲ್ಲ. 1985ರಲ್ಲಿ ಅಮೆರಿಕಕ್ಕೆ ಹೊರಟಾಗ ಇದ್ದಬದ್ದ ದುಡ್ಡನ್ನು ಮಗಳ ಟೆಡ್ಡಿ ಬೊಂಬೆಯೊಳಗೆ ಹೊಲಿದುಕೊಂಡು ಹೋದರು. ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಸಂದೇಶ) ಮೇಲೆ ಕೆಲಸ ಮಾಡುತ್ತೇನೆ ಅಂದರೆ ಯಾರೂ ದುಡ್ಡು ಕೊಡಲಿಲ್ಲ. 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದರು. ಜೆರಾಕ್ಸ್ ಮಷಿನ್ ಹತ್ತಿರ ಪರಿಚಯವಾದ ಡ್ರೂ ವೈಸ್‌ಮನ್ ಅನ್ನುವ ವಿಜ್ಞಾನಿ ಜೊತೆ ಸೇರಿ, ಅದನ್ನು ದೇಹ ತಿರಸ್ಕರಿಸದ ಹಾಗೆ ಮಾಡುವ ದಾರಿ 2005ರಲ್ಲಿ ಕಂಡುಕೊಂಡರು. ಅದೇ ದಾರಿಯಲ್ಲಿ ಕೋವಿಡ್ ಲಸಿಕೆ. 2023ರಲ್ಲಿ ನೊಬೆಲ್. ನಾನು ಪದಕ ಬೇಡ ಅಂದವನು, ಇವರನ್ನು ಮಾತ್ರ ಬಿಡಲಾಗಲ್ಲ.

ಮತ್ತೊಂದು ತಮಾಷೆ. 2025ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಮೇರಿ ಬ್ರಂಕೋ ಸ್ವೀಡನ್ನಿನ ನಂಬರ್ ನೋಡಿ ಇದ್ಯಾವುದೋ ಮೋಸದ ಕಾಲ್ ಅಂತ ಎತ್ತದೆ ಮಲಗಿದರಂತೆ.

ಇಳಕಲ್ ಸೆರಗು

ಕೀನ್ಯಾದ ವಂಗಾರಿ ಮಾಥಾಯ್ ಕೂಡ ನೆನಪಾದರು. 1977ರಲ್ಲಿ ಗಿಡ ನೆಡುವ ಚಳವಳಿ, 2004ರಲ್ಲಿ ಶಾಂತಿ ನೊಬೆಲ್. ಹಳ್ಳಿ ಹೆಂಗಸರಿಗೆ ಅವರು ದುಡ್ಡು ಕೊಡುತ್ತಿದ್ದದ್ದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಪ್ರತಿ ಜೂನ್ 5ಕ್ಕೆ ಅದೇ ಗುಂಡಿಯಲ್ಲಿ ಹೊಸ ಸಸಿ ಇಡುವ ನಮ್ಮ ಕಡೆಯವರು ಓದಲಿ.

ಸಾಲಿ ಅಕ್ಕೋರು

ಎರಡು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮಕ್ಕಳಿಗೆ ನಿಮ್ಮ ಮಾತುಗಳನ್ನು ಓದಿ ಹೇಳಿ, ನೀವೇ ಆರಿಸಿ ಅಂದೆ. ಕ್ಯೂರಿ, ಬೆಲ್ ಬರ್ನೆಲ್, ಆಸ್ಟ್ರಂ, ತು ಯೂಯೂ, ಬಾನು ಮತ್ತು ದೀಪಾ, ಕಾರಿಕೊ. ಏಳನೆಯದಕ್ಕೆ ಕಮಲಾದೇವಿಯೋ ಮಾಥಾಯೋ ಅಂತ ಗುದ್ದಾಟ ಇನ್ನೂ ನಡೆದಿದೆ. ಸೀತವ್ವ ಮತ್ತು ರಾಜೇಶ್ವರಿ ಅವರಿಗೆ ಹೆಡ್ಮಾಸ್ಟರು ತಮ್ಮ ಕೋಣೆಯ ಹೊರಗಿನ ಗೋಡೆ ಬಿಟ್ಟುಕೊಟ್ಟರು. ವರಾಂಡಕ್ಕಿಂತ ಅಲ್ಲೇ ಜನ ಓಡಾಡುವುದು ಜಾಸ್ತಿ. ಕುಂದಾ ಅಣ್ಣಾರು ಈಗ ಸಮಾಧಾನ ಆಗಬಹುದು.

ಪ್ರತಿ ಶೀಟಿನಲ್ಲಿ ಮೇಲೆ ಕೆಲಸದ ಚಿತ್ರ, ನಡುವೆ ಬರಹ. ಬಹುಮಾನದ ಹೆಸರು, ವರ್ಷ ಕೆಳಗೆ ಮೂಲೆಯಲ್ಲಿ ಸಣ್ಣದಾಗಿ, ಚಿತ್ರಕಾರ ಸಹಿ ಹಾಕುವ ಜಾಗದಲ್ಲಿ. ಕ್ಯೂರಿ ಕೈಯಲ್ಲಿ ಹುಡುಗರು ಬೆಲ್ಲದ ಹುಟ್ಟು ಕೊಟ್ಟಿದ್ದಾರೆ, ಇರಲಿ ಅಂತ ಬಿಟ್ಟೆ. ಫೋಟೊ ಅಂಟಿಸುವ ಮೊದಲು ಮೂರು ಸಲ ನೋಡಿದ್ದೇನೆ, ಈ ಸಲ ತಾಯಿಯೇ ಇದ್ದಾರೆ.

ಆಸ್ಟ್ರಂ ಶೀಟ್ ಬರೆದಿದ್ದು ಹೋದ ವರ್ಷ ಪ್ರಶ್ನೆ ಕೇಳಿದ ಆ ಹುಡುಗಿಯೇ. ಕೆನಾಲಿನ ಚಿತ್ರ ಬರೆದು ಮೇಲಿನ ಹೊಲಕ್ಕೆ ಹಸಿರು, ತುದಿಯ ಹೊಲಕ್ಕೆ ಕಂದು ಬಣ್ಣ ಹಾಕಿದ್ದಾಳೆ. ಕಂದು ಹೊಲದಲ್ಲಿ ನಿಂತವರು ಯಾರು ಅಂದರೆ “ನಮ್ಮಪ್ಪ ರೀ” ಅಂದಳು. ಸ್ಪೇನಿನ ಗುರುವಾರದ ಪಂಚಾಯ್ತಿಯದ್ದು ಬರೆಯುತ್ತಾ ಕೇಳಿದಳು: “ಅಕ್ಕೋರ, ನಮ್ಮ ನೀರಿನ ಸಂಘ ಯಾವ ವಾರ ಕೂಡ್ತೈತ್ರಿ?” ನನಗೆ ಗೊತ್ತಿಲ್ಲ. ಟೇಲ್ ಎಂಡ್ ಅಣ್ಣಾರು ಹೇಳಬೇಕು.

ಟೇಲ್ ಎಂಡ್ ರೈತ

ಅಕ್ಕೋರೆ, ನಮ್ಮ ಸಂಘ ಕೊನೆಗೆ ಕೂಡಿದ್ದು ಯಾವಾಗ ಅಂತ ನನಗೂ ನೆನಪಿಲ್ಲ. ಮೇಲಿನ ಹೊಲದವರೇ ಅಧ್ಯಕ್ಷರು. ಆ ಶೀಟಿನ ಒಂದು ಫೋಟೊ ಕಳಿಸಿ, ಸ್ಪಷ್ಟ ಇರಲಿ. ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಹುಡುಗಿಯ ಹೆಸರು ಬೇಡ, ಬಣ್ಣ ಮಾತ್ರ ಕಾಣಬೇಕು.